ಕುಡಿತಕ್ಕೂ ಬದುಕಿನ ಸ್ಥಿತಿಗೂ ಇರುವ ನಂಟು

(ತಾಂಬಾದಲ್ಲಿ ನೀಡಿದ ಜುಮುಆ ಪ್ರವಚನದ ಸಾರಾಂಶ, ಓದುಗರಿಗಾಗಿ ವಿಸ್ತರಿಸಿದ್ದು)



ಶೆರೆ ಹರಾಮ್ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಐದು ಹೊತ್ತು ಮಸೀದಿಗೆ ಬರುವವನಿಗೂ ಗೊತ್ತು, ಈದ್ ದಿನ ಮಾತ್ರ ಬರುವವನಿಗೂ ಗೊತ್ತು, ಕುಡಿಯುವವನಿಗಂತೂ ಚೆನ್ನಾಗಿಯೇ ಗೊತ್ತು. ಗೊತ್ತಿದ್ದೂ ಕುಡಿಯುತ್ತಾರೆ. ಆದ್ದರಿಂದ ಈ ಸಲ ಹುಕುಮನ್ನು ಮತ್ತೆ ಹೇಳುವ ಬದಲು ಬೇರೆ ಪ್ರಶ್ನೆಗಳನ್ನು ತೆಗೆದುಕೊಂಡಿದ್ದೇನೆ. ಯಾರು ಹೆಚ್ಚು ಕುಡಿಯುತ್ತಾರೆ? ಅವರ ದುಡಿಮೆ, ಓದು, ಮನೆ, ಸಹವಾಸಗಳಿಗೂ ಕುಡಿತಕ್ಕೂ ಏನು ಸಂಬಂಧ? ಕುಡಿತದಿಂದ ಯಾರ ಮನೆ ಮೊದಲು ಬೀಳುತ್ತದೆ?

ಊರ ಕಟ್ಟೆಯ ಮೇಲೆ ಕೂತರೆ ಇದಕ್ಕೆ ಎರಡು ಉತ್ತರ ಸಿಗುತ್ತವೆ. "ಬಡವರಿಗೆ ಬುದ್ಧಿ ಇಲ್ರಿ, ದುಡಿದದ್ದೆಲ್ಲಾ ಕುಡಿದು ಹಾಳ ಮಾಡ್ತಾರ" ಎಂದು ಒಬ್ಬರು ಹೇಳುತ್ತಾರೆ. "ರೊಕ್ಕ ಹೆಚ್ಚಾದವರಿಗೇ ಈ ಚಟ, ಬಡವಗ ಎಲ್ಲಿಂದ ಬರಬೇಕು" ಎಂದು ಇನ್ನೊಬ್ಬರು. ಎರಡರಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಪೂರ್ತಿ ಸತ್ಯ ಯಾವುದರಲ್ಲೂ ಇಲ್ಲ.

ಇದನ್ನು ಸರಿಯಾಗಿ ತಿಳಿಯುವುದು ಈಗ ಅಗತ್ಯವಾಗಿದೆ. ಕುಡಿಯುವವರಿಗೆ ದಂಡ ಹಾಕಬೇಕು, ಅವರ ಮನೆಯ ನಿಕಾಹ್‌ಗೆ ಹೋಗಬಾರದು, ಅವರ ಮಯ್ಯತ್‌ಗೆ ಹೆಗಲು ಕೊಡಬಾರದು ಎಂಬ ಮಾತು ನಮ್ಮ ಭಾಗದ ಜಮಾಅತ್ ಬೈಠಕ್‌ಗಳಲ್ಲಿ ಆಗಾಗ ಏಳುತ್ತದೆ. ಹೇಳುವವರ ನೋವು ಅರ್ಥವಾಗುತ್ತದೆ. ಆದರೆ ರೋಗ ತಿಳಿಯದೆ ಕೊಟ್ಟ ಔಷಧ ರೋಗಿಗಿಂತ ಮೊದಲು ಅವನ ಹೆಂಡತಿ ಮಕ್ಕಳನ್ನು ಹೊಡೆಯುತ್ತದೆ.

ಲೆಕ್ಕ ಏನು ಹೇಳುತ್ತದೆ?

ಕೇಂದ್ರ ಸರಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019ರಿಂದ 2021ರವರೆಗೆ ನಡೆಯಿತು. ಅದರ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಪುರುಷರಲ್ಲಿ ಶೇ. 18.8 ಮಂದಿ ಮದ್ಯ ಕುಡಿಯುತ್ತಾರೆ. ಮಹಿಳೆಯರಲ್ಲಿ ಈ ಪ್ರಮಾಣ ಶೇ. 1.3. ಪಟ್ಟಣದ ಪುರುಷರಲ್ಲಿ ಶೇ. 16.5 ಇದ್ದರೆ ಹಳ್ಳಿಯ ಪುರುಷರಲ್ಲಿ ಶೇ. 19.9. ಓದು ಕಡಿಮೆ ಇರುವವರಲ್ಲಿ ಮತ್ತು ಆಸ್ತಿ ಕಡಿಮೆ ಇರುವ ಮನೆಗಳಲ್ಲಿ ಕುಡಿಯುವ ಪುರುಷರ ಪ್ರಮಾಣ ಹೆಚ್ಚು. ಮುಸ್ಲಿಂ ಪುರುಷರಲ್ಲಿ ಇದು ಉಳಿದವರಿಗಿಂತ ಬಹಳ ಕಡಿಮೆ. ಅಲ್‌ಹಮ್ದುಲಿಲ್ಲಾಹ್, ಆದರೆ ಸೊನ್ನೆಯಲ್ಲ. ನಮ್ಮ ಮಹಲ್ಲಾಗಳನ್ನು ಬಲ್ಲವರಿಗೆ ಇದನ್ನು ಸಮೀಕ್ಷೆ ಹೇಳಬೇಕಾಗಿಲ್ಲ.

ಇನ್ನೊಂದು ಲೆಕ್ಕ ದೆಹಲಿಯ ಏಮ್ಸ್ ಆಸ್ಪತ್ರೆಯದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಅದು ದೇಶದಾದ್ಯಂತ ಸಮೀಕ್ಷೆ ಮಾಡಿ 2019ರಲ್ಲಿ ವರದಿ ಕೊಟ್ಟಿತು. ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ, ಅವರಲ್ಲಿ 5.7 ಕೋಟಿಗೂ ಹೆಚ್ಚು ಜನರ ಕುಡಿತ ಹಾನಿಯ ಮಟ್ಟಕ್ಕೆ ಅಥವಾ ಬಿಡಲಾಗದ ಮಟ್ಟಕ್ಕೆ ಹೋಗಿದೆ ಎಂದು ಅದು ಹೇಳುತ್ತದೆ. ಬಿಡಲಾಗದ ಮಟ್ಟಕ್ಕೆ ಹೋದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನ ಬೈಗುಳ, ಹರಕೆ, ತಾಯಿತ, ಆಣೆ ಪ್ರಮಾಣಗಳ ನಡುವೆಯೇ ದಿನ ಕಳೆಯುತ್ತಿದ್ದಾರೆ.

ಬಡತನವೇ ಕುಡಿಸುತ್ತದೆ ಎಂದು ಇದರಿಂದ ತೀರ್ಮಾನಿಸಬಾರದು. ಯುರೋಪ್, ಅಮೆರಿಕದಂಥ ಕಡೆ ಹೆಚ್ಚು ಓದಿದವರಲ್ಲಿ, ಹೆಚ್ಚು ಸಂಬಳದವರಲ್ಲಿಯೇ ಕುಡಿಯುವವರ ಪ್ರಮಾಣ ಹೆಚ್ಚು. ಅಲ್ಲಿ ಊಟದ ಮೇಜಿನ ಮೇಲೆ ಬಾಟಲಿ ಇರುವುದು ಮರ್ಯಾದೆಯ ರಿವಾಜು. ನಮ್ಮಲ್ಲೂ ಕಡುಬಡತನದಲ್ಲಿ ಒಂದು ಹನಿ ಮುಟ್ಟದ ಲಕ್ಷಾಂತರ ಮನೆಗಳಿವೆ. ಬಡವರಲ್ಲೇ ಬಡವರಾದ ನಮ್ಮ ಹೆಣ್ಣುಮಕ್ಕಳು ಕುಡಿಯುವುದಿಲ್ಲ. ಅದೇ ಮನೆ, ಅದೇ ಸಾಲ, ಅದೇ ದಣಿವು ಅವರಿಗೂ ಇದೆ. ಆದ್ದರಿಂದ ಜೇಬಿನ ರೊಕ್ಕವೊಂದೇ ಕಾರಣವಲ್ಲ. ಮನುಷ್ಯ ಯಾರ ಜೊತೆ ದುಡಿಯುತ್ತಾನೆ, ಪಗಾರ ಹೇಗೆ ಕೈಗೆ ಬರುತ್ತದೆ, ಸಂಜೆ ಎಲ್ಲಿ ಕೂರುತ್ತಾನೆ, ಯಾರ ಕಣ್ಣು ಅವನ ಮೇಲಿರುತ್ತದೆ ಎಂಬುದನ್ನೂ ನೋಡಬೇಕು.

ದುಡಿಮೆ, ಪಗಾರ, ಸಂಜೆ

ನಮ್ಮ ಇಂಡಿ, ಸಿಂದಗಿ ಭಾಗದಲ್ಲಿ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುತ್ತಾರೆ. ಕೆಲವರು ಸೊಲ್ಲಾಪುರ, ಪುಣೆ ಕಡೆ, ಕೆಲವರು ಗೋವಾ, ಮಂಗಳೂರು ಕಡೆ. ಗೌಂಡಿ ಕೆಲಸ, ಸೆಂಟ್ರಿಂಗ್, ಹಮಾಲಿ, ಕಬ್ಬು ಕಡಿಯುವ ಗ್ಯಾಂಗು, ಲಾರಿ ಕ್ಲೀನರ್ ಕೆಲಸ. ಈ ಕೆಲಸಗಳಲ್ಲಿ ಕುಡಿತ ಹೇಗೆ ಹತ್ತುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಮೈನೋವು. ದಿನವಿಡೀ ಸಿಮೆಂಟ್ ಚೀಲ ಹೊತ್ತವನಿಗೆ ರಾತ್ರಿ ನಿದ್ದೆ ಬರುವುದಿಲ್ಲ. "ಒಂದು ನೈಂಟಿ ಹಾಕು, ಮೈ ಹಗುರಾಗ್ತದ" ಎಂದು ಜೊತೆಗಾರ ಹೇಳುತ್ತಾನೆ. ಆ ರಾತ್ರಿ ನೋವು ಮರೆತದ್ದು ನಿಜ. ಆದರೆ ಶೆರೆ ನೋವನ್ನು ವಾಸಿ ಮಾಡುವುದಿಲ್ಲ, ನಿದ್ದೆಯನ್ನೂ ಕೆಡಿಸುತ್ತದೆ. ಮರುದಿನ ಇನ್ನಷ್ಟು ದಣಿವು, ಅದಕ್ಕೆ ಮತ್ತೆ ಅದೇ ಮದ್ದು.

ಎರಡನೆಯದು ಪಗಾರ ಬರುವ ರೀತಿ. ತಿಂಗಳ ಸಂಬಳ ಬ್ಯಾಂಕಿಗೆ ಬೀಳುವವನಿಗೆ ಖರ್ಚಿನ ಲೆಕ್ಕ ಮಾಡಲು ಸಮಯವಿರುತ್ತದೆ. ವಾರದ ಬಟವಾಡೆ ಸಂಜೆ ಹೊತ್ತಿಗೆ, ನಗದಾಗಿ, ಗುಂಪಿನಲ್ಲಿ ಸಿಗುತ್ತದೆ. ಕೈಯಲ್ಲಿ ರೊಕ್ಕ, ಪಕ್ಕದಲ್ಲಿ ಜೊತೆಗಾರರು, ದಾರಿಯಲ್ಲಿ ಅಂಗಡಿ. ಕೆಲವು ಕಡೆ ಸ್ಲ್ಯಾಬ್ ಹಾಕಿದ ದಿನ ಮಾಲೀಕನೇ ಊಟದ ಜೊತೆ ಬಾಟಲಿ ತರಿಸುತ್ತಾನೆ. ಹದಿನೆಂಟು ವರ್ಷದ ಹುಡುಗ ಆ ದಿನ ಬೇಡ ಎಂದರೆ ಗ್ಯಾಂಗಿನಲ್ಲಿ ನಗೆಪಾಟಲಾಗುತ್ತಾನೆ. ಬಹಳ ಜನರ ಮೊದಲ ಗುಟುಕು ಇಂಥ ದಿನವೇ ಆಗಿರುತ್ತದೆ.

ಮೂರನೆಯದು ದೂರ. ಊರಲ್ಲಿದ್ದಾಗ ಅಬ್ಬಾ, ಅಮ್ಮಿ, ಚಾಚಾ, ಮಸೀದಿಯ ಹಿರಿಯರು ಎಲ್ಲರ ಕಣ್ಣು ಮೈಮೇಲೆ ಇರುತ್ತದೆ. ಪತ್ರಾಸ್ ಶೆಡ್ಡಿನಲ್ಲಿ ಹತ್ತು ಜನರ ಜೊತೆ ಮಲಗುವವನ ಮೇಲೆ ಯಾರ ಕಣ್ಣೂ ಇಲ್ಲ. ಅಲ್ಲಿ ಸಂಜೆ ಕೂರಲು ಮನೆಯ ಪಡಸಾಲೆ ಇಲ್ಲ, ಮಾತಾಡಿಸುವ ಮಕ್ಕಳಿಲ್ಲ. ಏಳರಿಂದ ಹತ್ತರವರೆಗಿನ ಹೊತ್ತು ಹೇಗೆ ಕಳೆಯಬೇಕು? ಗುಳೆ ಹೋದವನು ಊರಿಗೆ ವಾಪಸ್ ಬರುವಾಗ ದುಡಿದ ರೊಕ್ಕದ ಜೊತೆ ಆ ಮೂರು ತಾಸಿನ ಅಭ್ಯಾಸವನ್ನೂ ತರುತ್ತಾನೆ.

ನಾಲ್ಕನೆಯದು ಮನೆ. ಕುಡಿಯುವ ತಂದೆಯ ಮಗ ಬೇಗ ಶಾಲೆ ಬಿಡುತ್ತಾನೆ, ಬೇಗ ದುಡಿಮೆಗೆ ಹೋಗುತ್ತಾನೆ, ದೊಡ್ಡವರ ಗ್ಯಾಂಗಿಗೆ ಬೇಗ ಸೇರುತ್ತಾನೆ. ಓದು ಕಡಿಮೆ ಇರುವವರಲ್ಲಿ ಕುಡಿತ ಹೆಚ್ಚು ಎಂದರೆ ಅವರಿಗೆ ತಿಳಿವಳಿಕೆ ಕಡಿಮೆ ಎಂದಷ್ಟೇ ಅರ್ಥವಲ್ಲ. ಶಾಲೆಯಲ್ಲಿ ಕಳೆಯಬೇಕಾದ ವಯಸ್ಸನ್ನು ಅವರು ದೊಡ್ಡವರ ನಡುವೆ ಕಳೆದಿರುತ್ತಾರೆ.

ಐದನೆಯದು ಸುಲಭವಾಗಿ ಸಿಗುವುದು. ಸಣ್ಣ ಪೊಟ್ಟಣ ಸಣ್ಣ ಬೆಲೆಗೆ ಸಿಕ್ಕರೆ ಸಣ್ಣ ಜೇಬಿಗೂ ಎಟುಕುತ್ತದೆ. ಪರವಾನಗಿ ಇರುವ ಅಂಗಡಿ ದೂರವಿದ್ದರೂ ಹಳ್ಳಿಗಳಲ್ಲಿ ಕಿರಾಣಿ ಅಂಗಡಿ, ಪಾನ್ ಡಬ್ಬಾ, ಧಾಬಾಗಳಲ್ಲಿ ಕದ್ದುಮುಚ್ಚಿ ಮಾರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಲ್ಲಿ ಬೆಲೆ ಸ್ವಲ್ಪ ಹೆಚ್ಚು, ಆದರೆ ಉದ್ರಿ ಸಿಗುತ್ತದೆ. ಅಕ್ಕಿ ಬೇಳೆ ಉದ್ರಿ ಕೊಡದವನೂ ಶೆರೆ ಉದ್ರಿ ಕೊಡುತ್ತಾನೆ, ಯಾಕೆಂದರೆ ಈ ಗಿರಾಕಿ ನಾಳೆ ಬಂದೇ ಬರುತ್ತಾನೆ ಎಂದು ಅವನಿಗೆ ಗೊತ್ತು.

ಸ್ಥಿತಿವಂತರ ಕುಡಿತ

ಬಡವ ಬೀದಿಯಲ್ಲಿ ಬೀಳುತ್ತಾನೆ, ಆದ್ದರಿಂದ ಎಲ್ಲರಿಗೂ ಕಾಣುತ್ತಾನೆ. ಸ್ಥಿತಿವಂತ ಕಾರಿನಲ್ಲಿ, ಹೊಲದ ಮನೆಯಲ್ಲಿ, ಶಹರದ ಹೋಟೆಲಿನ ಎಸಿ ಕೋಣೆಯಲ್ಲಿ ಕುಡಿಯುತ್ತಾನೆ. ಬೆಳಗ್ಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಅಂಗಡಿಯ ಗಲ್ಲಾದ ಮೇಲೆ ಕೂರುತ್ತಾನೆ. ಅವನಿಗೂ ತನ್ನದೇ ಕಾರಣಗಳಿವೆ. ವ್ಯಾಪಾರದ ಮಾತುಕತೆ, ಗುತ್ತಿಗೆ ಸಿಕ್ಕ ಖುಷಿ, ಅಧಿಕಾರಿಗಳ ಸ್ನೇಹ, ಚುನಾವಣೆಯ ಓಡಾಟ. ಗ್ಯಾಂಗಿನ ಹುಡುಗನಿಗೆ ಬೇಡ ಎನ್ನುವುದು ಎಷ್ಟು ಕಷ್ಟವೋ ಈ ಬೈಠಕ್‌ಗಳಲ್ಲಿ ಕೂತವನಿಗೂ ಅಷ್ಟೇ ಕಷ್ಟ. ಇಬ್ಬರನ್ನೂ ಹಿಡಿದದ್ದು ಸಹವಾಸವೇ.

ಇಬ್ಬರಿಗೂ ಹುಕುಮ್ ಒಂದೇ. ಅಲ್ಲಾಹನ ಮುಂದೆ ಗಾಜಿನ ಗ್ಲಾಸಿಗೂ ಪ್ಲಾಸ್ಟಿಕ್ ಗ್ಲಾಸಿಗೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಬಿದ್ದಾಗ ಆಗುವ ಪೆಟ್ಟಿನಲ್ಲಿ.

ಒಂದೇ ಬಾಟಲಿ, ಎರಡು ಮನೆ

ಒಂದು ಸಾದಾ ಲೆಕ್ಕ ಮಾಡಿ ನೋಡಿ. ಇಬ್ಬರು ದಿನಕ್ಕೆ ತಲಾ 100 ರೂಪಾಯಿ ಕುಡಿತಕ್ಕೆ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 3,000, ವರ್ಷಕ್ಕೆ 36,000 ರೂಪಾಯಿ ಆಯಿತು. ಮೊದಲನೆಯವನ ಸಂಬಳ ತಿಂಗಳಿಗೆ 60,000. ಅವನಿಗೆ ಈ ಖರ್ಚು 20ರಲ್ಲಿ ಒಂದು ಪಾಲು. ಎರಡನೆಯವನಿಗೆ ದಿನಗೂಲಿ 500, ತಿಂಗಳಲ್ಲಿ 20 ದಿನ ಕೆಲಸ ಸಿಗುತ್ತದೆ, ಒಟ್ಟು 10,000. ಅವನಿಗೆ ಇದು 10ರಲ್ಲಿ ಮೂರು ಪಾಲು. ಮೊದಲನೆಯವನ ಮನೆಯಲ್ಲಿ ಹೊಸ ಫೋನು ತಡವಾಗುತ್ತದೆ. ಎರಡನೆಯವನ ಮನೆಯಲ್ಲಿ ಹಾಲು ನಿಲ್ಲುತ್ತದೆ, ಮಗಳ ಶಾಲೆ ನಿಲ್ಲುತ್ತದೆ, ಸಂಘದ ಸಾಲದ ಕಂತು ನಿಲ್ಲುತ್ತದೆ. ಕುಡಿದು ಮರುದಿನ ಏಳಲಾಗದೆ ಹೋದರೆ ಸಂಬಳದವನಿಗೆ ರಜೆ ಇದೆ. ಕೂಲಿಯವನಿಗೆ ಆ ದಿನದ 500 ಹೋಯಿತು.

ದೇಹದ ಮೇಲೂ ಹೀಗೆಯೇ. ಸ್ಕಾಟ್ಲೆಂಡಿನಲ್ಲಿ 50 ಸಾವಿರಕ್ಕೂ ಹೆಚ್ಚು ಜನರ ಆರೋಗ್ಯದ ದಾಖಲೆಗಳನ್ನು ನೋಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಒಂದೇ ಪ್ರಮಾಣದಲ್ಲಿ ಕುಡಿಯುವವರಲ್ಲಿಯೂ ಬಡ ವರ್ಗದವರಿಗೆ ಕುಡಿತದಿಂದ ಆಸ್ಪತ್ರೆ ಸೇರುವ, ಸಾಯುವ ಅಪಾಯ ಹೆಚ್ಚು ಎಂದು ಅದು ತೋರಿಸಿತು. ನಮ್ಮಲ್ಲಿ ಇದರ ಕಾರಣಗಳು ಕಣ್ಣಿಗೆ ಕಾಣುವಂಥವೇ. ಬಡವ ಹಸಿದ ಹೊಟ್ಟೆಯಲ್ಲಿ ಕುಡಿಯುತ್ತಾನೆ. ಅಗ್ಗದ್ದನ್ನು ನೀರು ಬೆರೆಸದೆ, ನಿಂತಲ್ಲೇ, ಒಂದೇ ಗುಟುಕಿಗೆ ಮುಗಿಸುತ್ತಾನೆ. ಜೊತೆಗೆ ಗುಟಕಾ ಇರುತ್ತದೆ. ಹೊಟ್ಟೆ ಉಬ್ಬಿ ಕಣ್ಣು ಹಳದಿಯಾದ ಮೇಲೆ ಆಸ್ಪತ್ರೆಗೆ ಹೋಗುತ್ತಾನೆ, ಅಷ್ಟರಲ್ಲಿ ಲಿವರ್ ಹಾಳಾಗಿರುತ್ತದೆ. ಹಾಗೆಂದು ಸ್ಥಿತಿವಂತನ ಕುಡಿತ ಸುರಕ್ಷಿತವೂ ಅಲ್ಲ. ಆರೋಗ್ಯಕ್ಕೆ ಅಪಾಯವಿಲ್ಲದ ಕುಡಿತದ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಇನ್ನು ಹೆಂಗಸರ ಪಾಲು. ಮೇಲೆ ಹೇಳಿದ ಕುಟುಂಬ ಸಮೀಕ್ಷೆಯಲ್ಲಿಯೇ ಇದರ ಲೆಕ್ಕವಿದೆ. ಪದೇ ಪದೇ ಅಮಲೇರುವ ಗಂಡಂದಿರ ಹೆಂಡತಿಯರಲ್ಲಿ ಸುಮಾರು ಹತ್ತರಲ್ಲಿ ಏಳು ಜನ ಗಂಡನ ದೌರ್ಜನ್ಯ ಅನುಭವಿಸಿದ್ದಾರೆ. ಕುಡಿಯದ ಗಂಡಂದಿರ ಹೆಂಡತಿಯರಲ್ಲಿ ಅದು ಸುಮಾರು ನಾಲ್ಕರಲ್ಲಿ ಒಬ್ಬರು. ಅದೂ ದೊಡ್ಡ ಸಂಖ್ಯೆಯೇ, ಅದರ ಬಗ್ಗೆ ಬೇರೆ ಜುಮುಆದಲ್ಲಿ ಮಾತಾಡಬೇಕು. ಒಟ್ಟಿನಲ್ಲಿ ಕುಡಿಯದ ಹೆಣ್ಣುಮಗಳೇ ಕುಡಿತದ ಬೆಲೆಯನ್ನು ಎಲ್ಲರಿಗಿಂತ ಹೆಚ್ಚು ಕಟ್ಟುತ್ತಿದ್ದಾಳೆ.

ಕಾನೂನು ಮತ್ತು ಖಜಾನೆ

"ಸರಕಾರ ಬಂದ್ ಮಾಡಿದರೆ ಮುಗೀತು" ಎಂದು ನಾವು ಹೇಳುತ್ತೇವೆ. ನಮ್ಮ ಜಿಲ್ಲೆ ಅದನ್ನೂ ನೋಡಿದೆ. ಆಗ ಬಿಜಾಪುರ ಮುಂಬೈ ಪ್ರಾಂತದಲ್ಲಿತ್ತು. 1949ರ ಮುಂಬೈ ಪಾನನಿಷೇಧ ಕಾಯ್ದೆ ನಮ್ಮ ಹಿರಿಯರಿಗೂ ಅನ್ವಯಿಸಿತ್ತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಅರವತ್ತರ ದಶಕದ ಕೊನೆಗೆ ನಿಷೇಧ ಹೋಯಿತು. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಹಳ್ಳಿಯ ಹೆಂಗಸರು ತೊಂಬತ್ತರ ದಶಕದ ಆರಂಭದಲ್ಲಿ ಸಾರಾಯಿ ಅಂಗಡಿಗಳ ವಿರುದ್ಧ ಎದ್ದರು. 1993ರಲ್ಲಿ ಅಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಪೂರ್ಣ ಪಾನನಿಷೇಧವೇ ಬಂತು. ಎರಡು ವರ್ಷದಲ್ಲಿ ಅದು ಸಡಿಲಾಯಿತು.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಪಾಕೀಟು ಸಾರಾಯಿಯ ಕಾಲ ನೆನಪಿರುವವರಿಗೆ ಆ ದಿನದ ಸಂತೋಷವೂ ನೆನಪಿರಬಹುದು. ಆದರೆ ಪಾಕೀಟು ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮಿನ ಸಣ್ಣ ಪೊಟ್ಟಣ ಬಂತು. ಕುಡಿಯುವವನು ಬದಲಾಗಲಿಲ್ಲ, ಅವನ ಖರ್ಚು ಹೆಚ್ಚಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹಿಸುವ ಗುರಿಯನ್ನು ರಾಜ್ಯ ಸರಕಾರ ಇಟ್ಟುಕೊಂಡಿತ್ತು. ದಿನಕ್ಕೆ ಹಂಚಿದರೆ ಸುಮಾರು 110 ಕೋಟಿ ಆಗುತ್ತದೆ. ಈ ರೊಕ್ಕದಲ್ಲಿ ಕೂಲಿಕಾರನ ಸಂಜೆಯ ಪಾಲೂ ಇದೆ. ಕುಡಿತದಿಂದ ಬರುವ ರೋಗ, ಅಪಘಾತ, ಕೆಲಸದ ನಷ್ಟ ಎಲ್ಲ ಕೂಡಿಸಿದರೆ ತೆರಿಗೆಯಿಂದ ಬಂದದ್ದಕ್ಕಿಂತ ಹೋಗುವುದೇ ಹೆಚ್ಚು ಎಂದು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಹಳ ಹಿಂದೆಯೇ ಲೆಕ್ಕ ಕೊಟ್ಟಿದ್ದಾರೆ.

2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ 200 ಕಿಲೋಮೀಟರಿಗೂ ಹೆಚ್ಚು ನಡೆದುಕೊಂಡು ಹೋದರು. ಅವರಲ್ಲಿ ಬಹಳ ಜನ ನಮ್ಮಂತೆಯೇ ಗುಳೆ ಹೋಗುವ ರಾಯಚೂರು ಕಡೆಯ ಕೂಲಿ ಹೆಂಗಸರು. ಅವರ ಬೇಡಿಕೆ ನ್ಯಾಯವಾದದ್ದು. ಜೊತೆಗೆ ಇದೂ ತಿಳಿದಿರಲಿ: ಅಂಗಡಿ ಮುಚ್ಚಿದ ಮೇಲೂ ಮೈನೋವು, ನಗದು ಪಗಾರ, ಖಾಲಿ ಸಂಜೆ ಹಾಗೆಯೇ ಉಳಿದರೆ ಮನುಷ್ಯ ಬೇರೆ ಅಂಗಡಿ ಹುಡುಕುತ್ತಾನೆ.

ರಮಝಾನ್ ಕಲಿಸುವ ಪಾಠ

ವರ್ಷವಿಡೀ ಕುಡಿಯುವವರಲ್ಲಿ ಎಷ್ಟೋ ಜನ ರಮಝಾನಿನ ಚಂದ್ರ ಕಂಡ ದಿನ ಬಾಟಲಿ ಬಿಡುತ್ತಾರೆ. ಇದು ನಮ್ಮ ಎಲ್ಲ ಊರುಗಳಲ್ಲೂ ಕಾಣುವ ಸಂಗತಿ. ಅವರ ಬಡತನ ಆ ತಿಂಗಳು ಹೋಗಿರುವುದಿಲ್ಲ. ಮೈನೋವು ಹೋಗಿರುವುದಿಲ್ಲ, ಸಾಲವೂ ಹೋಗಿರುವುದಿಲ್ಲ. ಹಾಗಾದರೆ ಬದಲಾದದ್ದು ಏನು?

ಅಲ್ಲಾಹನ ಭಯ ಮತ್ತು ತಿಂಗಳ ಬರ್ಕತ್ ಮೊದಲನೆಯದು, ಅದರಲ್ಲಿ ಸಂಶಯವಿಲ್ಲ. ಅದರ ಜೊತೆ ಅವನ ಸಂಜೆಯೂ ಬದಲಾಗಿರುತ್ತದೆ. ಅಂಗಡಿಗೆ ಹೋಗುವ ಹೊತ್ತಿಗೆ ಸರಿಯಾಗಿ ಇಫ್ತಾರ್ ಇರುತ್ತದೆ. ಅವನಿಗಾಗಿ ಚಾಪೆಯ ಮೇಲೆ ಜಾಗ, ಖರ್ಜೂರ, ಗಂಜಿ ಕಾದಿರುತ್ತವೆ. ಆಮೇಲೆ ತರಾವೀಹ್. ಸಹರಿಗೆ ಏಳಬೇಕಾದ್ದರಿಂದ ಬೇಗ ನಿದ್ದೆ. ಜೊತೆಗಾರರೂ ಬಿಟ್ಟಿರುತ್ತಾರೆ, ಮನೆಯವರು ಖುಷಿಯಿಂದ ಮಾತಾಡಿಸುತ್ತಾರೆ, ಮಸೀದಿಯಲ್ಲಿ ಯಾರೂ ಅವನನ್ನು ವಾರೆಗಣ್ಣಿನಿಂದ ನೋಡುವುದಿಲ್ಲ. ಈದ್ ಮುಗಿದ ವಾರ ಚಾಪೆ ಮಡಚುತ್ತೇವೆ, ಮಸೀದಿಯ ದೀಪ ಇಶಾ ಆದ ಕೂಡಲೇ ಆರುತ್ತದೆ. ಅವನ ಸಂಜೆ ಮತ್ತೆ ಖಾಲಿಯಾಗುತ್ತದೆ, ಹಳೆಯ ಗ್ಯಾಂಗು ಕಾದಿರುತ್ತದೆ.

ಮದೀನಾದಲ್ಲಿ ಶೆರೆ ನಿಂತ ಬಗೆಯಲ್ಲೂ ಈ ಪಾಠವಿದೆ. ಹುಕುಮ್ ಹಂತ ಹಂತವಾಗಿ ಬಂತು. ಅದರಲ್ಲಿ ಲಾಭಕ್ಕಿಂತ ಪಾಪವೇ ದೊಡ್ಡದು ಎಂದು ಸೂರಃ ಅಲ್-ಬಕರಃದಲ್ಲಿ (2:219) ಮೊದಲು ತಿಳಿಸಲಾಯಿತು. ಅಮಲಿನಲ್ಲಿ ನಮಾಝಿನ ಹತ್ತಿರ ಬರಬಾರದೆಂದು ಸೂರಃ ಅನ್-ನಿಸಾದಲ್ಲಿ (4:43) ಹೇಳಲಾಯಿತು. ದಿನಕ್ಕೆ ಐದು ನಮಾಝ್ ಇರುವಾಗ ಅಮಲೇರಿ ಇಳಿಯಲು ಹಗಲಲ್ಲಿ ಹೊತ್ತೇ ಉಳಿಯಲಿಲ್ಲ, ದಿನಚರಿಯೇ ಬದಲಾಯಿತು. ಕೊನೆಗೆ ಸೂರಃ ಅಲ್-ಮಾಇದಃದಲ್ಲಿ (5:90-91) ಪೂರ್ಣ ನಿಷೇಧ ಬಂದಾಗ ಡಂಗುರದವನ ಧ್ವನಿ ಕೇಳಿ ಜನ ಪಾತ್ರೆಗಳನ್ನು ಬೀದಿಗೆ ಸುರಿದರು. ಅಬೂ ತಲ್ಹಾ(ರ)ರ ಮನೆಯಲ್ಲಿ ಬಡಿಸುತ್ತಿದ್ದ ಅನಸ್(ರ) ಇದನ್ನು ವಿವರಿಸಿದ್ದಾರೆ. ಇಡೀ ಊರು ಒಟ್ಟಿಗೆ ಬಿಟ್ಟಿತು. ಬಿಟ್ಟವನು ತನ್ನ ಓಣಿಯಲ್ಲಿ ಒಂಟಿಯಾಗಲಿಲ್ಲ.

ಆಮೇಲೂ ಕುಡಿದವರಿದ್ದರು. ಅವರಿಗೆ ಶಿಕ್ಷೆಯೂ ಇತ್ತು. ಆದರೆ ಪದೇ ಪದೇ ಸಿಕ್ಕಿಬಿದ್ದ ಒಬ್ಬರನ್ನು ಯಾರೋ ಶಪಿಸಿದಾಗ ಪ್ರವಾದಿ(ಸ)ರು ತಡೆದರು. ಆ ಮನುಷ್ಯ ಅಲ್ಲಾಹ ಮತ್ತು ಅವನ ರಸೂಲರನ್ನು ಪ್ರೀತಿಸುವವನು ಎಂದರು. ಸಹೋದರನ ವಿರುದ್ಧ ಶೈತಾನನಿಗೆ ಸಹಾಯ ಮಾಡಬಾರದೆಂದೂ ತಿಳಿಸಿದರು. ಸಹೀಹ್ ಬುಖಾರಿಯಲ್ಲಿ ಬಂದಿರುವ ಈ ಸಂಗತಿ ಜಮಾಅತ್ ಬೈಠಕ್‌ನಲ್ಲಿ ಕೂರುವ ಪ್ರತಿಯೊಬ್ಬರಿಗೂ ನೆನಪಿರಬೇಕು.

ದಂಡ ಮತ್ತು ಬಹಿಷ್ಕಾರ

ಈಗ ದಂಡದ ಮಾತಿಗೆ ಬರೋಣ. 5,000 ರೂಪಾಯಿ ದಂಡ ಎಂದರೆ ಕೂಲಿಕಾರನಿಗೆ ಹತ್ತು ದಿನದ ದುಡಿಮೆ, ವ್ಯಾಪಾರಿಗೆ ಒಂದು ಸಂಜೆಯ ಗಲ್ಲಾ. ಕೂಲಿಕಾರನ ಮನೆಯಿಂದ ಆ ದಂಡ ಯಾರು ಕಟ್ಟುತ್ತಾರೆ? ಅವನ ಹೆಂಡತಿ, ರೇಶನ್ನಿಗೆ ಇಟ್ಟ ರೊಕ್ಕದಿಂದ. ಬೀದಿಯಲ್ಲಿ ಬಿದ್ದವನು ಮಾತ್ರ ಸಿಕ್ಕಿಬೀಳುತ್ತಾನೆ, ಎಸಿ ಕೋಣೆಯವನು ದಂಡ ವಿಧಿಸುವ ಸಾಲಿನಲ್ಲಿ ಕೂತಿರಲೂಬಹುದು. ಇದು ಇನ್ಸಾಫ್ ಅಲ್ಲ. ಮಯ್ಯತ್‌ಗೆ ಹೆಗಲು ಕೊಡದಿರುವ ಮಾತಂತೂ ಆಡಬಾರದ್ದು. ಗುನಾಹ್ ಮಾಡಿದವನು ಗುನಾಹಗಾರ ಆಗುತ್ತಾನೆ, ದೀನ್‌ನಿಂದ ಹೊರಗೆ ಹೋಗುವುದಿಲ್ಲ. ಅವನ ಜನಾಝಾ ನಮಾಝ್ ಸಮುದಾಯದ ಮೇಲಿರುವ ಹಕ್ಕು.

ಬಹಿಷ್ಕಾರದ ಹೆದರಿಕೆಯಿಂದ ಕುಡಿತ ನಿಲ್ಲುವುದಿಲ್ಲ, ಮುಚ್ಚಿಡುವುದು ಹೆಚ್ಚುತ್ತದೆ. ಮಗಳ ಸಂಬಂಧ ತಪ್ಪೀತೆಂದು ಮನೆಯವರು ಡಾಕ್ಟರ ಹತ್ತಿರವೂ ಹೋಗುವುದಿಲ್ಲ. ಆ 37 ಜನರ ಸಾಲಿಗೆ ನಾವೇ ಜನರನ್ನು ಸೇರಿಸಿದಂತಾಗುತ್ತದೆ.

ಹಾಗಾದರೆ ಕುಡಿಯುವವನ ತಪ್ಪೇ ಇಲ್ಲವೇ ಎಂದು ಕೆಲವರು ಕೇಳಬಹುದು. ಖಂಡಿತ ಇದೆ. ಪ್ರತಿಯೊಬ್ಬನ ಕರ್ಮದ ಹಿಸಾಬ್ ಅವನದೇ. ಅದೇ ಗ್ಯಾಂಗಿನಲ್ಲಿ ದುಡಿದು ಕುಡಿಯದೆ ಬಂದ ಹುಡುಗರೂ ಇದ್ದಾರೆ, ಅವರ ಸಬ್ರ್ ದೊಡ್ಡದು. ಹಿನ್ನೆಲೆ ಎಂಬುದು ಕಾರಣವನ್ನು ವಿವರಿಸುತ್ತದೆ, ಗುನಾಹನ್ನು ಮಾಫಿ ಮಾಡುವುದಿಲ್ಲ. ಆದರೆ ಪ್ರತಿಯೊಬ್ಬನೂ ತನ್ನ ವಶದಲ್ಲಿರುವವರ ಬಗ್ಗೆ ಉತ್ತರ ಕೊಡಬೇಕೆಂದೂ ಪ್ರವಾದಿ(ಸ)ರು ಕಲಿಸಿದ್ದಾರೆ. ಅವನ ಹಿಸಾಬ್ ಅವನದಾದರೆ, ಅವನ ಸಂಜೆ ಖಾಲಿ ಬಿಟ್ಟ ನಮ್ಮ ಹಿಸಾಬ್ ನಮ್ಮದು.

ನಾವು ಮಾಡಬಹುದಾದದ್ದು

1. ಸಂಜೆಯನ್ನು ತುಂಬಿಸೋಣ. ಮಗ್ರಿಬ್‌ನಿಂದ ಇಶಾ ಆಗಿ ಒಂದು ತಾಸಿನವರೆಗೆ ಮಸೀದಿಯ ಪಡಸಾಲೆ ತೆರೆದಿರಲಿ. ಚಹಾ ಇರಲಿ, ಪತ್ರಿಕೆ ಇರಲಿ, ಮಕ್ಕಳ ಓದಿಗೆ ಜಾಗವಿರಲಿ. ಗುಳೆಯಿಂದ ಬಂದ ಹುಡುಗರನ್ನು ಹೆಸರು ಹಿಡಿದು ಕರೆಯೋಣ.

2. ಕೆಲಸ ಕೊಡುವ ನಮ್ಮವರು, ಅಂದರೆ ಗುತ್ತಿಗೆದಾರರು, ಗ್ಯಾರೇಜ್ ಮಾಲೀಕರು, ಮನೆ ಕಟ್ಟಿಸುವವರು, ಸ್ಲ್ಯಾಬಿನ ದಿನ ಬಾಟಲಿ ಕೊಡುವ ರಿವಾಜು ನಿಲ್ಲಿಸಲಿ. ಕೆಲಸದವನು ಒಪ್ಪಿದರೆ ಪಗಾರದ ಒಂದು ಪಾಲನ್ನು ಹೆಂಡತಿಯ ಖಾತೆಗೆ ಹಾಕಲಿ.

3. ಶೆರೆಯ ವಿಷಯದಲ್ಲಿ ಕುಡಿಯುವವನ ಜೊತೆಗೆ ತಯಾರಿಸುವವನು, ಹೊರುವವನು, ಮಾರುವವನು, ಅದರ ಗಳಿಕೆ ತಿನ್ನುವವನು ಸೇರಿ ಹತ್ತು ಜನರ ಮೇಲೆ ಲಅನತ್ ಇದೆ ಎಂದು ಹದೀಸಿನಲ್ಲಿ ಬಂದಿದೆ. ಬಾರಿಗೆ ಮಳಿಗೆ ಬಾಡಿಗೆ ಕೊಟ್ಟವರು, ಅಂಗಡಿಯಲ್ಲಿ ಪೊಟ್ಟಣ ಮುಚ್ಚಿಟ್ಟು ಮಾರುವವರು ಈ ಮಾತನ್ನು ತಮಗೇ ಹೇಳಿದ್ದೆಂದು ತಿಳಿಯಲಿ. ಪರವಾನಗಿ ಇಲ್ಲದ ಮಾರಾಟದ ವಿಷಯವನ್ನು ಎಲ್ಲ ಸಮಾಜದವರ ಜೊತೆ ಸೇರಿ ಗ್ರಾಮಸಭೆಯಲ್ಲಿ ಎತ್ತೋಣ.

4. ಬೈತುಲ್ ಮಾಲ್‌ನಿಂದ ಇಂಥ ಮನೆಗಳಿಗೆ ಸಹಾಯ ಮಾಡುವಾಗ ಹೆಣ್ಣುಮಗಳ ಕೈಗೆ ಕೊಡೋಣ. ಶಾಲೆಯ ಫೀ ನೇರವಾಗಿ ಶಾಲೆಗೆ, ಔಷಧದ ರೊಕ್ಕ ನೇರವಾಗಿ ಔಷಧದ ಅಂಗಡಿಗೆ ಹೋಗಲಿ.

5. ಚಿಕಿತ್ಸೆಗೆ ಕರೆದುಕೊಂಡು ಹೋಗೋಣ. ಇದು ಎಲ್ಲಕ್ಕಿಂತ ಜರೂರು, ಸ್ವಲ್ಪ ಗಮನವಿಟ್ಟು ಓದಿ. ಬಹಳ ವರ್ಷ, ದಿನಾ, ಬೆಳಗ್ಗೆಯಿಂದಲೇ ಕುಡಿಯುವವನು ಒಮ್ಮೆಗೇ ಬಿಟ್ಟರೆ ಕೈ ನಡುಗುತ್ತದೆ, ಬೆವರುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಕೇಳುವುದು, ಗುರುತು ಸಿಗದಂತೆ ಬಡಬಡಿಸುವುದು ಶುರುವಾಗಬಹುದು. ರಮಝಾನಿನ ಮೊದಲ ವಾರ ಹೀಗಾದವರನ್ನು ಜಿನ್ ಹಿಡಿಯಿತು, ಗಾಳಿ ಸೋಕಿತು ಎಂದು ಕರೆದೊಯ್ದು ಹೊತ್ತು ಕಳೆಯುವವರಿದ್ದಾರೆ. ಇದು ಜಿನ್ ಅಲ್ಲ. ಶೆರೆಗೆ ಒಗ್ಗಿದ ದೇಹ ಅದು ಸಿಗದಾಗ ತೋರುವ ರೋಗ, ಇದರಿಂದ ಜೀವ ಹೋಗಬಹುದು. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ದುಆ ಅಲ್ಲಿಯೂ ಮಾಡಬಹುದು. ಇಂಥವರು ರಮಝಾನಿಗೆ ಬಿಡಬೇಕೆಂದಿದ್ದರೆ ಕೆಲವು ವಾರ ಮೊದಲೇ ಡಾಕ್ಟರರನ್ನು ಕಾಣಲಿ. ಔಷಧದಿಂದ ಇದನ್ನು ಸುರಕ್ಷಿತವಾಗಿ ದಾಟಿಸುತ್ತಾರೆ.

ವಿಜಯಪುರದ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಬಹುದು. ವ್ಯಸನ ಬಿಡಲು ಸಲಹೆ ಕೊಡುವ ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446. ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್, 14416. ಶ್ರೀ ಕ್ಷೇತ್ರ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಬೇರೆ ಬೇರೆ ಊರುಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಒಳ್ಳೆಯ ಕೆಲಸ ಯಾರು ಮಾಡಿದರೂ ಅದರಿಂದ ಕಲಿಯೋಣ.

6. ಗುಟ್ಟು ಕಾಪಾಡೋಣ. ಯಾವ ಹೆಣ್ಣುಮಗಳಾದರೂ, ಯಾವ ತಾಯಿಯಾದರೂ ಇಮಾಮರ ಮನೆಗೆ ಬಂದು ಹೇಳಿಕೊಂಡರೆ ಆ ಮಾತು ಮಿಂಬರಿಗೂ ಬರಬಾರದು, ಕಟ್ಟೆಗೂ ಹೋಗಬಾರದು. ಚಿಕಿತ್ಸೆ ಪಡೆದು ಬಂದವನಿಗೆ ಹಳೆಯ ಹೆಸರು ಹಿಡಿದು ಕರೆಯಬಾರದು. ಒಮ್ಮೆ ಬಿಟ್ಟವನು ಮತ್ತೆ ಜಾರಿದರೆ ಮತ್ತೆ ಕೈ ಹಿಡಿಯೋಣ. ತೌಬಾದ ಬಾಗಿಲು ಅಲ್ಲಾಹನು ತೆರೆದಿಟ್ಟಿರುವಾಗ ಅದನ್ನು ಮುಚ್ಚಲು ನಾವು ಯಾರು?

ಮುಂದಿನ ಜಮಾಅತ್ ಬೈಠಕ್‌ನಲ್ಲಿ ದಂಡದ ಮಾತು ಬಂದರೆ, ಮಸೀದಿಯ ಪಡಸಾಲೆಯ ಸಂಜೆಯ ಮಾತನ್ನು ಮೊದಲು ತೆಗೆಯಿರಿ ಎಂದು ಮುತವಲ್ಲಿ ಸಾಹೇಬರುಗಳಲ್ಲಿ, ನೌಜವಾನರಲ್ಲಿ ನನ್ನ ವಿನಂತಿ.

ಅಲ್ಲಾಹನು ನಮ್ಮ ಮನೆಗಳನ್ನು ಈ ಆಫತ್ತಿನಿಂದ ಕಾಪಾಡಲಿ. ಅದರಲ್ಲಿ ಸಿಕ್ಕವರಿಗೆ ಶಿಫಾ ಕೊಡಲಿ, ಅವರ ಹೆಂಡತಿ ಮಕ್ಕಳಿಗೆ ಸಬ್ರ್ ಮತ್ತು ಆಸರೆ ಕೊಡಲಿ, ಕೈ ಹಿಡಿದು ಎಬ್ಬಿಸುವ ತೌಫೀಕ್ ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.